ಹೊಳೆಯಲ್ಲಿ ನಿಂತ ಕಾರು

ರಾತ್ರಿ ಒಂದು ನಲವತ್ತಕ್ಕೆ ಮೊಬೈಲ್ ಬಡಿದುಕೊಂಡರೆ ನಮ್ಮಂಥ ಮನೆಗಳಲ್ಲಿ ಮೊದಲು ನೆನಪಾಗುವುದು ಸಾವು. ಅಮ್ಮಿ ಹಾಸಿಗೆಯಲ್ಲೇ ಎದ್ದು ಕುಳಿತು, ಸುದ್ದಿ ಯಾರದೆಂದು ತಿಳಿಯುವ ಮೊದಲೇ ತುಟಿ ಅಲ್ಲಾಡಿಸತೊಡಗಿದ್ದರು. ಸತ್ತವರು ಯಾರೂ ಇರಲಿಲ್ಲ. ಬಂದದ್ದು ಕಾರಿನ ಸುದ್ದಿ. ಇಂಜಿನ್ ಚಾಲೂ ಆಗಿದೆ ಎಂದು ಮೊದಲ ಸಂದೇಶ. ಹತ್ತು ನಿಮಿಷ ಕಳೆಯುವುದರೊಳಗೆ ಎರಡನೆಯದು: ವಾಹನ ನಿಗದಿತ ಗಡಿ ದಾಟಿದೆ. 2022ರ ಜೂನ್ ತಿಂಗಳು, ಬಕ್ರೀದ್‌ಗೆ ಇನ್ನು ಕೆಲವು ವಾರ ಬಾಕಿ. ಹೊರಗೆ ಸಣ್ಣಗೆ ಮಳೆ ಹನಿಯುತ್ತಿತ್ತು.

ನಾವು ಇಳಕಲ್ಲಿನವರು. ಅಣ್ಣತಮ್ಮಂದಿರು ಮೂವರು, ಒಂದೇ ಒಲೆ, ಒಂದೇ ಸೀರೆ ಅಂಗಡಿ. ಅಬ್ಬಾ ಮಗ್ಗದಲ್ಲಿ ಕುಳಿತು ದುಡಿದವರು. ನಮ್ಮ ಕಾಲಕ್ಕೆ ಮಗ್ಗ ಹೋಗಿ ಅಂಗಡಿ ಉಳಿಯಿತು. ಕೊರೋನಾ ವರ್ಷಗಳಲ್ಲಿ ಅಂಗಡಿಯೂ ಸೊರಗಿದಾಗ ಮೂವರೂ ಸೇರಿ ಏಳು ಸೀಟಿನ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡು ಬಾಡಿಗೆಗೆ ಬಿಟ್ಟೆವು. ಇಳಕಲ್ಲಿನಲ್ಲಿ ಬಾಡಿಗೆ ಗಾಡಿಗಳು ಬೇಕಾದಷ್ಟಿವೆ. ಆದರೆ ಕೂಡಲಸಂಗಮಕ್ಕೆ ಬರುವ ಭಕ್ತರು ಸಂಗಮನಾಥನ ದರ್ಶನ ಮುಗಿಸಿ ಐಹೊಳೆ, ಪಟ್ಟದಕಲ್ಲು, ಬಾದಾಮಿ ನೋಡಿಕೊಂಡು ಬಾಗಲಕೋಟೆಯಲ್ಲಿ ರೈಲು ಹತ್ತಬೇಕೆನ್ನುತ್ತಾರೆ. ಅವರಿಗೆ ಬೆಳಗಿನ ಆರಕ್ಕೇ ಗಾಡಿ ಬೇಕು. ಹೀಗಾಗಿ ಕಾರನ್ನು ರಾತ್ರಿ ಕೂಡಲಸಂಗಮದಲ್ಲೇ, ಡ್ರೈವರ್ ಹುಡುಗನ ಮನೆ ಮುಂದೆ ಬಿಡುವುದೆಂದು ಗೊತ್ತುಮಾಡಿದೆವು. ಹುಡುಗನಿಗೆ ಇಪ್ಪತ್ತಮೂರು ವರ್ಷ, ತಂದೆ ಇಲ್ಲ, ತಾಯಿ ಕೂಲಿಗೆ ಹೋಗುತ್ತಾಳೆ. ಹಣೆಗೆ ವಿಭೂತಿ ಹಚ್ಚಿಕೊಂಡು, ನಮ್ಮ ಕಾರಿನ ಕನ್ನಡಿಗೆ ನಾವು ಕಟ್ಟಿದ್ದ ದುಆದ ತಾಯಿತವನ್ನೂ ತಾನು ಕಟ್ಟಿದ್ದ ಬಸವಣ್ಣನ ಚಿತ್ರವನ್ನೂ ಒಂದೇ ಬಟ್ಟೆಯಿಂದ ಒರೆಸುತ್ತಿದ್ದ. ಅವನ ಮೇಲೆ ನಮಗೆ ನಂಬಿಕೆ ಇತ್ತು. ಇತ್ತು ಎಂದೇ ನಾವು ತಿಳಿದಿದ್ದೆವು.

ನಮ್ಮ ಓಣಿಯಲ್ಲಿ ಒಂದೇ ತಿಂಗಳಲ್ಲಿ ಎರಡು ಬೈಕ್ ಕಳುವಾದ ಮೇಲೆ ಕಾರಿಗೆ ಟ್ರ್ಯಾಕರ್ ಹಾಕಿಸಿದೆವು. ಬಾಡಿಗೆ ವಾಹನಗಳಿಗೆ ಇಂಥ ಯಂತ್ರ ಇರಬೇಕೆಂದು ಕೇಂದ್ರ ಸರಕಾರ 2016ರಲ್ಲೇ ನಿಯಮ ಮಾಡಿತ್ತು. 2019ರ ಜನವರಿಯಿಂದ ಹೊಸದಾಗಿ ನೋಂದಣಿಯಾಗುವ ವಾಹನಗಳಿಗೆ ಅದು ಜಾರಿಗೆ ಬಂತು. ನಮ್ಮದು ಅದಕ್ಕಿಂತ ಹಳೆಯ ಗಾಡಿ. ಆದ್ದರಿಂದ ಮೂರು ಸಾವಿರದೊಳಗೆ ಸಿಕ್ಕ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಪೆಟ್ಟಿಗೆಯನ್ನು ತಂದು ಹಾಕಿಸಿದೆವು. ಒಳಗೆ ಒಂದು ಸಿಮ್, ಒಂದು ಚಿಕ್ಕ ಬ್ಯಾಟರಿ, ಉಪಗ್ರಹದ ಸಂಕೇತ ಹಿಡಿಯುವ ಒಂದು ತುಣುಕು, ಅಲುಗಾಟ ತಿಳಿಯುವ ಇನ್ನೊಂದು ತುಣುಕು. ಹಾಕಿದವನು ಅರ್ಧ ತಾಸಿನಲ್ಲಿ ಕೆಲಸ ಮುಗಿಸಿ ಮೂವರ ಮೊಬೈಲಿಗೂ ಆಪ್ ಹಾಕಿಕೊಟ್ಟ. ನಕ್ಷೆಯ ಮೇಲೆ ಹುಡುಗನ ಮನೆಯ ಸುತ್ತ ನೂರು ಮೀಟರಿನ ಒಂದು ವೃತ್ತ ಎಳೆದ. ರಾತ್ರಿ ಗಾಡಿ ಈ ವೃತ್ತ ದಾಟಿದರೆ ಮೊಬೈಲ್ ಕೂಗುತ್ತದೆ ಎಂದ. ಆಪ್‌ನ ಕೆಳಗೆ ಒಂದು ಕೆಂಪು ಗುಂಡಿಯೂ ಇತ್ತು. ಅದನ್ನೊತ್ತಿದರೆ ಪೆಟ್ರೋಲ್ ಪಂಪಿಗೆ ಹೋಗುವ ಕರೆಂಟ್ ನಿಂತು ಗಾಡಿ ಚಾಲೂ ಆಗುವುದಿಲ್ಲ. ಕಳ್ಳ ಕೈಯಲ್ಲೇ ಸಿಕ್ಕ ಹಾಗೆ, ಎಂದು ಅವನು ನಕ್ಕ. ನಾವೂ ನಕ್ಕೆವು. ಹುಡುಗನಿಗೆ ಟ್ರ್ಯಾಕರ್ ಹಾಕಿದ್ದು ಗೊತ್ತಿತ್ತು. ಗುಂಡಿಯ ವಿಷಯ ಹೇಳಿರಲಿಲ್ಲ.

ಮೊದಲ ವಾರ ಏನೂ ಇಲ್ಲ. ಎರಡನೆಯ ವಾರದಿಂದ ಕೂಗು ಶುರುವಾಯಿತು. ಒಂದು ರಾತ್ರಿ ಅಲುಗಾಟ. ಇನ್ನೊಂದು ರಾತ್ರಿ ಇಂಜಿನ್ ಚಾಲೂ. ಹಗಲು ಹುನಗುಂದದ ದಾರಿಯಲ್ಲಿ ಹೋಗುವಾಗ ವಿದ್ಯುತ್ ಸಂಪರ್ಕ ಕಡಿತ. ಆಪ್‌ನಲ್ಲಿ ಒಂದು ರಾತ್ರಿ ಗಾಡಿ ಏಳು ಕಿಲೋಮೀಟರ್ ಓಡಿದೆ ಎಂದಿತ್ತು, ಮತ್ತೊಂದು ರಾತ್ರಿ ಹನ್ನೊಂದು. ಹುಡುಗನಿಗೆ ಫೋನ್ ಮಾಡಿ ಕೇಳಿದರೆ, “ಗಾಡಿ ಇದ್ದಲ್ಲೇ ಐತ್ರಿ ಅಣ್ಣಾರ” ಎನ್ನುತ್ತಿದ್ದ. ಮೊದಲ ಸಲ ನಂಬಿದೆವು. ಎರಡನೆಯ ಸಲ ನಂಬಿದಂತೆ ಮಾಡಿದೆವು. ಮೂರನೆಯ ಸಲಕ್ಕೆ ಅಂಗಡಿಯಲ್ಲಿ ಕುಳಿತು ಮೂವರೂ ಲೆಕ್ಕ ಹಾಕತೊಡಗಿದೆವು. ರಾತ್ರಿ ಹೆದ್ದಾರಿಯ ಕ್ರಾಸಿನಲ್ಲಿ ಬಸ್ಸಿಳಿಯುವವರನ್ನು ಒಳಗೆ ತಂದು ಬಿಟ್ಟರೆ ಎಷ್ಟು ಸಿಗುತ್ತದೆ? ತಿಂಗಳಿಗೆ ಎಷ್ಟಾಯಿತು? ಅವನು ಹೋದ ತಿಂಗಳು ಹೊಸ ಮೊಬೈಲ್ ಕೊಂಡಿದ್ದು ಎಲ್ಲಿಂದ? ಹೀಗೆ ಒಂದಕ್ಕೊಂದು ಕೊಂಡಿ ಸಿಕ್ಕುತ್ತ ಹೋಯಿತು. ಅನುಮಾನಕ್ಕೆ ಪುರಾವೆಯ ಬರ ಎಂದೂ ಬರುವುದಿಲ್ಲ. ಅವನು ಹೆಚ್ಚು ಮಾತಾಡಿದರೆ ಏನೋ ಮುಚ್ಚುತ್ತಿದ್ದಾನೆ ಎನಿಸುತ್ತಿತ್ತು, ಕಡಿಮೆ ಮಾತಾಡಿದರೂ ಹಾಗೆಯೇ.

ಯಂತ್ರ ಮಾರಿದವರ ಸಹಾಯವಾಣಿಗೆ ಒಮ್ಮೆ ಕರೆ ಮಾಡಿದೆವು. ನಮ್ಮ ಸರ್ವರ್‌ನಲ್ಲಿ ಎಲ್ಲ ಸರಿಯಾಗಿದೆ ಎಂದರು. ಮಳೆಗಾಲದಲ್ಲಿ ಮೋಡದಿಂದ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು ಎಂದೂ ಸೇರಿಸಿದರು. ಮೋಡ ಹನ್ನೊಂದು ಕಿಲೋಮೀಟರ್ ಓಡಿಸುತ್ತದೆಯೇ ಎಂದು ನಾವು ನಗೆಯಾಡಿದೆವು.

ಆ ರಾತ್ರಿ ಎರಡು ಸಂದೇಶ ಬಂದ ಮೇಲೆ ಮೂವರೂ ನಡುಮನೆಯಲ್ಲಿ ಸೇರಿ ನಕ್ಷೆ ತೆರೆದೆವು. ಕಾರಿನ ಗುರುತು ಹುಡುಗನ ಮನೆಯ ಹತ್ತಿರ ಇರಲಿಲ್ಲ. ಮಲಪ್ರಭೆ ಕೃಷ್ಣೆಯನ್ನು ಸೇರುವ ಕಡೆ, ನೀರಿನ ನಟ್ಟನಡುವೆ ನಿಂತಿತ್ತು. ನಾವು ನೋಡುತ್ತಿದ್ದಂತೆ ಆಚೆ ದಂಡೆಗೆ ಜಿಗಿಯಿತು. ಮತ್ತೆ ಈಚೆಗೆ ಬಂತು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಯಾವ ಕಾರು ಹೊಳೆಯಲ್ಲಿ ನಿಲ್ಲುತ್ತದೆ? ನಮ್ಮ ಮನೆಯ ಎಂಟು ವರ್ಷದ ಹುಡುಗಿಯನ್ನು ಎಬ್ಬಿಸಿ ತೋರಿಸಿದ್ದರೂ ಇದು ಸುಳ್ಳು ಎನ್ನುತ್ತಿದ್ದಳು. ಆದರೆ ಎರಡು ವಾರ ಅನುಮಾನಪಟ್ಟ ಮನಸ್ಸು ಹೊಳೆಯನ್ನು ನೋಡಲಿಲ್ಲ, ಗುರುತು ಓಡುತ್ತಿರುವುದನ್ನಷ್ಟೇ ನೋಡಿತು. ಹುಡುಗನಿಗೆ ಫೋನ್ ಮಾಡಿದೆವು, ಎತ್ತಲಿಲ್ಲ. ನಿದ್ದೆಯಲ್ಲಿದ್ದ ಎಂಬುದು ಆಮೇಲೆ ಗೊತ್ತಾದ ಮಾತು. ಕೆಂಪು ಗುಂಡಿ ಒತ್ತಿದೆವು. ಒತ್ತಿದ ಬೆರಳು ಯಾರದೆಂದು ಇಲ್ಲಿ ಬರೆಯುವುದಿಲ್ಲ. ಬೇಡ ಎಂದು ಉಳಿದಿಬ್ಬರೂ ಹೇಳಲಿಲ್ಲವಾದ್ದರಿಂದ ಮೂವರೂ ಒತ್ತಿದೆವು ಎಂದೇ ಇಟ್ಟುಕೊಳ್ಳಿ.

ಬೆಳಿಗ್ಗೆ ಆರಕ್ಕೆ ಸೊಲ್ಲಾಪುರದ ಕಡೆಯ ವೃದ್ಧ ದಂಪತಿ ಯಾತ್ರಿನಿವಾಸದ ಮುಂದೆ ಚೀಲ ಇಟ್ಟುಕೊಂಡು ಕಾಯುತ್ತಿದ್ದರು. ಬಾಗಲಕೋಟೆಯಲ್ಲಿ ಅವರಿಗೆ ರೈಲು ಹಿಡಿಯಬೇಕಿತ್ತು. ಹುಡುಗ ಸೆಲ್ಫ್ ಹೊಡೆದೇ ಹೊಡೆದ. ಗಾಡಿ ಕೆಮ್ಮಲಿಲ್ಲ ಕೂಡ. ಬ್ಯಾಟರಿ ಇಳಿಯಿತು. ಓಣಿಯ ನಾಲ್ಕು ಜನರನ್ನು ಕರೆದು ತಳ್ಳಿಸಿದ. ಆ ದಂಪತಿ ಬೇರೆ ಗಾಡಿ ಹಿಡಿದು ಹೋದರು. ಹೋಗುವಾಗ ಹುಡುಗನಿಗೆ ಏನೇನು ಹೇಳಿದರೋ, ಅವನು ನಮಗೆ ಹೇಳಲಿಲ್ಲ. ನಾವು ಫಜ್ರ್ ಮುಗಿಸಿ ಬೈಕಿನಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನು ಬಾನೆಟ್ ತೆರೆದುಕೊಂಡು, ಅಂಗಿಯೆಲ್ಲ ಬೆವರಾಗಿ, ಗಾಡಿಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತಿದ್ದ.

“ರಾತ್ರಿ ಎಲ್ಲಿ ಹೋಗಿದ್ದಿಯೋ?”

“ಎಲ್ಲಿ ಹೋಗ್ಲಿ ಅಣ್ಣಾರ? ಮನ್ಯಾಗ ಮಲಗಿದ್ದೆ.”

“ಸುಳ್ಳ ಹೇಳಬ್ಯಾಡ. ಎಲ್ಲಾ ಮೊಬೈಲ್‌ನಾಗ ಐತಿ.”

ಗಾಡಿ ನಿಲ್ಲಿಸಿದ್ದು ನಾವೇ ಎಂಬುದನ್ನೂ ಆಗಲೇ ಹೇಳಿದೆವು, ಕಳ್ಳನನ್ನು ಹಿಡಿದವರ ಗತ್ತಿನಲ್ಲಿ. ಅವನು ಬಹಳ ಹೊತ್ತು ನಮ್ಮ ಮುಖ ನೋಡಿದ. ಜಗಳವಾಡಲಿಲ್ಲ. ಒಳಗೆ ಹೋಗಿ ಕೀಲಿಯನ್ನೂ ಒಂದು ನೂರು ಪುಟದ ನೋಟ್‌ಬುಕ್ಕನ್ನೂ ತಂದು ಬಾನೆಟ್ಟಿನ ಮೇಲಿಟ್ಟ. “ನನಗ ಮೊದಲ ಹೇಳಿದ್ರ, ಆ ಮುದುಕರನ್ನ ರಾತ್ರೀನ ಬ್ಯಾರೆ ಗಾಡಿಗೆ ಹಚ್ಚತಿದ್ನಲ್ರಿ” ಎಂದ. ಅಷ್ಟೇ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಏನೋ ಹೇಳಲು ಬಂದಳು. ಅವನು ಕೈ ಮಾಡಿ ತಡೆದ.

ಆಪ್‌ನಿಂದ ಗಾಡಿಯನ್ನು ಮತ್ತೆ ಬಿಡಿಸಿ, ಬ್ಯಾಟರಿಗೆ ಬೇರೊಂದು ಗಾಡಿಯಿಂದ ತಂತಿ ಕೊಟ್ಟು ಚಾಲೂ ಮಾಡಿ ಇಳಕಲ್ಲಿಗೆ ತಂದೆವು. ಗೆದ್ದು ಬಂದವರಂತೆ ಮನೆಯಲ್ಲಿ ಕಥೆ ಹೇಳಿದೆವು. ಎಲ್ಲ ಕೇಳಿಸಿಕೊಂಡು, ರೊಟ್ಟಿ ಬಡಿಯುತ್ತಿದ್ದ ದೊಡ್ಡ ಭಾಭಿ ಒಂದೇ ಮಾತು ಕೇಳಿದರು: “ಗಾಡಿ ಅಷ್ಟು ಓಡಿದ್ದರೆ ಮೀಟರ್‌ನಲ್ಲಿ ಬಂದಿರಬೇಕಲ್ಲ, ನೋಡಿದಿರಾ?”

ನೋಡಿರಲಿಲ್ಲ. ಎರಡು ವಾರದಲ್ಲಿ ಒಬ್ಬರೂ ನೋಡಿರಲಿಲ್ಲ. ನೋಟ್‌ಬುಕ್ ತೆರೆದೆವು. ದಿನಕ್ಕೆರಡು ಸಾಲು: ರಾತ್ರಿ ಗಾಡಿ ನಿಲ್ಲಿಸಿದಾಗಿನ ಮೀಟರ್, ಬೆಳಿಗ್ಗೆ ತೆಗೆದಾಗಿನ ಮೀಟರ್. ಪೆಟ್ರೋಲ್ ಹಾಕಿಸಿದ್ದು, ಗಾಳಿ ತುಂಬಿಸಿದ್ದು, ಟೋಲ್ ಕೊಟ್ಟದ್ದು ಎಲ್ಲ ಇತ್ತು. ನಾವು ಅದನ್ನು ಎಂದೂ ಕೇಳಿರಲಿಲ್ಲ. ಅವನೇ ಬರೆದಿಟ್ಟಿದ್ದ. ಆಪ್ ಹನ್ನೊಂದು ಕಿಲೋಮೀಟರ್ ಎಂದ ರಾತ್ರಿಯ ಎರಡೂ ಸಾಲಿನಲ್ಲಿ ಒಂದೇ ಸಂಖ್ಯೆ. ಏಳು ಎಂದ ರಾತ್ರಿಯೂ ಹಾಗೆಯೇ. ಪುಸ್ತಕವನ್ನು ಸುಳ್ಳು ಬರೆಯಬಹುದು ಎಂದು ನಮ್ಮಲ್ಲೊಬ್ಬರು ಇನ್ನೂ ವಾದ ಹೂಡಿದರು. ಭಾಭಿ ಆಗಲೂ ಒಲೆಯಿಂದ ತಲೆ ಎತ್ತಲಿಲ್ಲ. “ಕೊನೇ ಸಾಲು ನಿನ್ನೆ ರಾತ್ರಿಯದು. ಅಲ್ಲಿಂದ ಇಲ್ಲಿಗೆ ಗಾಡಿ ತಂದವರು ನೀವೇ. ಹೋಗಿ ಕೂಡಿ ನೋಡಿ” ಎಂದರು. ಹೋಗಿ ನೋಡಿದೆವು. ಹುಡುಗ ಬರೆದ ಸಂಖ್ಯೆಗೆ ಕೂಡಲಸಂಗಮದಿಂದ ನಮ್ಮ ಮನೆಯವರೆಗಿನ ದಾರಿಯನ್ನು ಕೂಡಿದರೆ ಎಷ್ಟಾಗಬೇಕೋ ಅಷ್ಟೇ ಇತ್ತು. ರಾತ್ರಿಯ ಓಟಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ.

ಹಾಗಾದರೆ ಯಂತ್ರ ಯಾಕೆ ಕೂಗಿತು? ಮರುದಿನ ಮತ್ತೆ ಹೋದೆವು, ಈ ಸಲ ತಲೆ ತಗ್ಗಿಸಿಕೊಂಡು. ಹುಡುಗ ಮನೆಯಲ್ಲಿರಲಿಲ್ಲ. ತಾಯಿ ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ಗಾಡಿ ನಿಲ್ಲುತ್ತಿದ್ದ ಜಾಗವನ್ನು ಅಂದು ಮೊದಲ ಸಲ ಸರಿಯಾಗಿ ನೋಡಿದೆವು. ಮೂರು ಕಡೆ ಗೋಡೆ, ಮೇಲೆ ತಗಡು. ಮಳೆಗಾಲ ಬಂತೆಂದು ನಮ್ಮ ಗಾಡಿ ನೆನೆಯಬಾರದೆಂದು ಆ ಹುಡುಗನೇ ಎರಡು ವಾರದ ಹಿಂದೆ ತಗಡು ಹೊದಿಸಿದ್ದನಂತೆ. ಕೂಗು ಶುರುವಾದದ್ದೂ ಎರಡು ವಾರದ ಹಿಂದೆ. ತಗಡಿನ ಕೆಳಗೆ, ಗಾಡಿಯ ಹಿಂದಿನ ಚಕ್ರ ಇರುತ್ತಿದ್ದ ಕಡೆ ಒಂದು ದೊಡ್ಡ ಹೋತ ಕಟ್ಟಿತ್ತು. ಬಕ್ರೀದ್ ಹೊತ್ತಿಗೆ ಅಮೀನಗಡದ ಸಂತೆಯಲ್ಲಿ ಮಾರಲೆಂದು ತಾಯಿ ಸಾಕುತ್ತಿದ್ದಳು. ಗೂಟ ಇಲ್ಲವೇ ಎಂದರೆ, “ಮಳಿಗೆ ಒಳಗ ಕಟ್ಟೀವ್ರಿ, ನಿಮ್ಮ ಗಾಡೀಗೆ ಕಟ್ಟತಿದ್ವಿ” ಎಂದಳು. ಹೋತ ನಮ್ಮನ್ನು ನೋಡುತ್ತಲೇ ಗೋಡೆಗೆ ಕೊಂಬು ತಿಕ್ಕಿತು. ನಮ್ಮ ಹಿಂದಿನ ಬಂಪರಿನ ಮೇಲಿದ್ದ ಗೀರುಗಳು ಎಲ್ಲಿಂದ ಬಂದವೆಂದು ಆಗ ತಿಳಿಯಿತು.

ಉಪಗ್ರಹದ ಮಾತು ಇಲ್ಲಿ ಸ್ವಲ್ಪ ಹೇಳಲೇಬೇಕು. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ತಿರುಗುತ್ತವೆ. ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ, ಪ್ರತಿಯೊಂದೂ ಬರಲು ತೆಗೆದುಕೊಂಡ ಸಮಯವನ್ನು ಅಳೆದು ಯಂತ್ರ ತಾನಿರುವ ಜಾಗ ಲೆಕ್ಕ ಹಾಕುತ್ತದೆ. ಸಂಕೇತದ ವೇಗ ಬೆಳಕಿನದು. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೆ ಜಾಗ ಮುನ್ನೂರು ಮೀಟರ್ ತಪ್ಪುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರಕಾರ ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಸುಮಾರು ನೂರು ಮೀಟರ್ ತಪ್ಪುವಂತೆ ಇಟ್ಟಿತ್ತು. ಈಗ ಬಯಲಿನಲ್ಲಿ ನಿಂತರೆ ಐದಾರು ಮೀಟರಿನೊಳಗೆ ಹೇಳುತ್ತದೆ. ಮೋಡ ಅದಕ್ಕೆ ಹೆಚ್ಚಿನ ಅಡ್ಡಿಯಲ್ಲ, ಸಹಾಯವಾಣಿಯವರು ಹೇಳಿದ್ದು ತಪ್ಪು. ಅಡ್ಡಿ ತಗಡು, ಗೋಡೆ. ತಗಡು ಸಂಕೇತವನ್ನು ತಡೆಯುತ್ತದೆ. ಗೋಡೆಗೆ ಬಡಿದು ಬಂದ ಸಂಕೇತ ಸುತ್ತು ಹಾಕಿ ಬಂದಿರುವುದರಿಂದ ಲೆಕ್ಕ ಕೆಡುತ್ತದೆ. ನಿಂತ ಗಾಡಿ ನಕ್ಷೆಯ ಮೇಲೆ ಅಲೆದಾಡುತ್ತದೆ. ಉಪಗ್ರಹ ಸಿಗದೇ ಹೋದರೆ ನಮ್ಮ ಪೆಟ್ಟಿಗೆಯಂಥವು ಸುಮ್ಮನೆ ಕೂಡುವುದಿಲ್ಲ, ಸಿಮ್‌ಗೆ ಯಾವ ಮೊಬೈಲ್ ಟವರ್ ಸಿಕ್ಕಿದೆಯೋ ಅದರ ಆಧಾರದಲ್ಲಿ ಒಂದು ಜಾಗ ಊಹಿಸಿ ಕಳಿಸುತ್ತವೆ. ಆ ಊಹೆ ಕಿಲೋಮೀಟರುಗಟ್ಟಲೆ ತಪ್ಪಬಹುದು. ಕೂಡಲಸಂಗಮದಲ್ಲಿ ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಅಗಲವಾಗಿ ಹರಡಿಕೊಂಡಿದೆ. ನೀರಿನ ಮೇಲೆ ಅಡ್ಡವೇನೂ ಇಲ್ಲದ್ದರಿಂದ ಆಚೆ ದಂಡೆಯ ಟವರೂ ಈಚೆ ಸಿಗುತ್ತದೆ. ಎರಡು ದಂಡೆಯ ಟವರುಗಳ ನಡುವೆ ಯಂತ್ರ ಊಹಿಸಿದ ಜಾಗವೇ ಹೊಳೆಯ ನಡುವಿನದು.

ಇದನ್ನು ಓದಿ ತಿಳಿದದ್ದು ಆಮೇಲೆ. ಕಣ್ಣಿಗೆ ಕಂಡದ್ದು ಅಂದೇ, ಐಕ್ಯಮಂಟಪದಲ್ಲಿ. ಹುಡುಗ ಬರುವವರೆಗೆ ಸಮಯ ಕಳೆಯಲು ದಂಡೆಗೆ ಹೋಗಿದ್ದೆವು. ಹಿನ್ನೀರು ನುಗ್ಗದಂತೆ ಮಂಟಪದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿದ್ದಾರೆ. ಮೆಟ್ಟಿಲು ಇಳಿದು ಕೆಳಗೆ ಹೋಗಬೇಕು. ಕೈಯಲ್ಲಿ ಮೊಬೈಲ್ ನಕ್ಷೆ ತೆರೆದೇ ಇತ್ತು. ಮೇಲೆ ನಿಂತಾಗ ನಾವು ನಿಂತಲ್ಲೇ ಇದ್ದ ನೀಲಿ ಚುಕ್ಕೆ, ಮೆಟ್ಟಿಲು ಇಳಿಯುತ್ತ ಹೋದಂತೆ ಮೆಲ್ಲನೆ ಜಾರಿ ನೀರಿನ ಮೇಲೆ ಹೋಗಿ ನಿಂತಿತು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪಕ್ಕದಲ್ಲಿ ಒಂದು ಮಗು ತನ್ನ ಅಜ್ಜಿಯ ಕೈ ಹಿಡಿದುಕೊಂಡು ಮೆಟ್ಟಿಲು ಎಣಿಸುತ್ತಿತ್ತು.

ಉಳಿದದ್ದನ್ನು ಇಳಕಲ್ಲಿನ ವೈರಿಂಗ್ ಕೆಲಸದವರು ತೆರೆದು ತೋರಿಸಿದರು. ಪೆಟ್ಟಿಗೆಯಿಂದ ಬರುವ ಕಿತ್ತಳೆ ಬಣ್ಣದ ತಂತಿ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ ಸೇರಬೇಕು. ಇಂಜಿನ್ ಚಾಲೂ ಇದೆಯೋ ಇಲ್ಲವೋ ಎಂದು ಯಂತ್ರಕ್ಕೆ ಗೊತ್ತಾಗುವುದು ಅದರಿಂದಲೇ. ಅರ್ಧ ತಾಸಿನಲ್ಲಿ ಕೆಲಸ ಮುಗಿಸಿದವನು ಅದಕ್ಕೆ ಟೇಪ್ ಸುತ್ತಿ ಹಾಗೇ ಬಿಟ್ಟಿದ್ದ. ಆಗ ಯಂತ್ರ ಅಲುಗಾಟ ನೋಡಿ ಇಂಜಿನ್ ಚಾಲೂ ಆಗಿದೆ ಎಂದು ಊಹಿಸುತ್ತದೆ. ಅಂದರೆ ಹೋತ ಬಂಪರಿಗೆ ಕೊಂಬು ತಿಕ್ಕಿದರೆ ನಮ್ಮ ಮನೆಯಲ್ಲಿ ಇಂಜಿನ್ ಚಾಲೂ. ನಿದ್ದೆಯಿಂದ ಎದ್ದ ಯಂತ್ರ ಉಪಗ್ರಹ ಹುಡುಕುತ್ತದೆ, ತಗಡಿನ ಕೆಳಗೆ ಸಿಗುವುದಿಲ್ಲ, ಟವರ್ ಹಿಡಿಯುತ್ತದೆ, ಗಾಡಿ ಹೊಳೆಗೆ ಜಿಗಿಯುತ್ತದೆ, ನೂರು ಮೀಟರಿನ ಗಡಿ ದಾಟಿದ ಸಂದೇಶ ಬರುತ್ತದೆ. ಆಚೆಗೊಮ್ಮೆ ಈಚೆಗೊಮ್ಮೆ ಜಿಗಿದ ದೂರವನ್ನೆಲ್ಲ ಕೂಡಿ ಹನ್ನೊಂದು ಕಿಲೋಮೀಟರ್ ಎನ್ನುತ್ತದೆ. ಹಗಲು ಬರುತ್ತಿದ್ದ ವಿದ್ಯುತ್ ಕಡಿತದ ಸಂದೇಶಕ್ಕೆ ಕಾರಣ ಬೇರೆ. ಅರ್ಥ್ ತಂತಿಯನ್ನು ಬಣ್ಣ ಹಚ್ಚಿದ ತಗಡಿಗೆ ಬಿಗಿದಿದ್ದರು, ಜಾಯಿಂಟನ್ನು ಬರೀ ತಿರುಚಿ ಟೇಪ್ ಸುತ್ತಿದ್ದರು. ರಸ್ತೆಯ ಉಬ್ಬು ಹತ್ತಿದಾಗಲೆಲ್ಲ ಸಂಪರ್ಕ ಒಂದು ಕ್ಷಣ ತಪ್ಪುತ್ತಿತ್ತು. ಇಳಕಲ್ ಸೀರೆಯಲ್ಲಿ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಗೂ ಕೊಂಡಿ ಹಾಕಿ ಜೋಡಿಸುವುದನ್ನು ಕಂಡು ಬೆಳೆದವರು ನಾವು. ಜೋಡಣೆ ಕೆಟ್ಟರೆ ಸೀರೆ ಕೆಟ್ಟಿತು ಎಂದು ಅಬ್ಬಾ ಹೇಳುತ್ತಿದ್ದರು. ನಮ್ಮ ಕಾರಿನ ಜೋಡಣೆ ಹೇಗಿದೆ ಎಂದು ಮಾತ್ರ ಬಾಗಿ ನೋಡಿರಲಿಲ್ಲ.

ಅಂದು ಸಂಜೆ ಅಸರ್ ಆದ ಮೇಲೆ ಮಸೀದಿಯ ಕಟ್ಟೆಯ ಮೇಲೆ ಕುಳಿತು ನಮ್ಮ ಚಾಚಾ ಒಬ್ಬರಿಗೆ ಇದನ್ನೆಲ್ಲ ಹೇಳಿದೆವು. ನಿವೃತ್ತ ಮಾಸ್ತರರು ಅವರು. ಅವರು ಬೈಯಲಿಲ್ಲ. ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ ಆರನೆಯ ಸೂಕ್ತದ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಹೇಳುವ ಘಟನೆಯನ್ನು ನೆನಪಿಸಿದರು. ಪ್ರವಾದಿ(ಸ)ಯವರು ಒಂದು ಗೋತ್ರದ ಬಳಿಗೆ ಝಕಾತ್ ಸಂಗ್ರಹಿಸಲು ಒಬ್ಬರನ್ನು ಕಳಿಸುತ್ತಾರೆ. ಆ ಜನ ಸ್ವಾಗತಿಸಲೆಂದು ಗುಂಪಾಗಿ ಎದುರು ಬರುತ್ತಾರೆ. ಹೋದವರು ಅವರನ್ನು ದೂರದಿಂದ ನೋಡಿ ತನ್ನನ್ನು ಕೊಲ್ಲಲು ಬಂದರೆಂದು ಹೆದರಿ ಹಿಂದಿರುಗಿ, ಅವರು ಝಕಾತ್ ನಿರಾಕರಿಸಿದರೆಂದು ವರದಿ ಮಾಡುತ್ತಾರೆ. ಆ ವರದಿಯನ್ನು ನಂಬಿದ್ದರೆ ಯುದ್ಧವೇ ಆಗುತ್ತಿತ್ತು. ಸುದ್ದಿ ಬಂದಾಗ ವಿಚಾರಿಸಿ ನೋಡಿ, ತಿಳಿಯದೆ ಒಂದು ಜನಕ್ಕೆ ಹಾನಿ ಮಾಡಿ ಆಮೇಲೆ ಮರುಗಬೇಡಿ ಎಂಬ ಅರ್ಥದ ಆದೇಶ ಇಳಿದದ್ದು ಆ ಸಂದರ್ಭದಲ್ಲಿ. ಈ ಅಧ್ಯಾಯದ ಮೇಲೆ ಜುಮಾ ಪ್ರವಚನ ಎಷ್ಟು ಸಲ ಕೇಳಿಲ್ಲ ನಾವು! ಪ್ರತಿ ಸಲವೂ ಅದು ಬೇರೆಯವರಿಗೆ ಹೇಳಿದ್ದು ಎಂದುಕೊಂಡು ತಲೆಯಾಡಿಸಿದ್ದೇವೆ.

ನಮ್ಮ ಮೇಲೆ ಬೇರೆಯವರು ಅನುಮಾನಪಟ್ಟ ಕಥೆಗಳು ನಮ್ಮಲ್ಲಿ ಧಾರಾಳವಾಗಿವೆ. ಹೆಸರು ಕೇಳಿದ ಮೇಲೆ ಖಾಲಿ ಇದ್ದ ರೂಮು ತುಂಬಿದ್ದು, ಗಡ್ಡ ನೋಡಿ ಚೀಲ ಎರಡು ಸಲ ತೆಗೆಸಿದ್ದು, ಇಂಥವನ್ನು ಮದುವೆ ಮನೆಗಳಲ್ಲಿ ನಗುನಗುತ್ತ ಹೇಳಿಕೊಳ್ಳುತ್ತೇವೆ. ನಗು ಬಾರದ ಕಥೆಯೂ ಇದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಗೆಳೆಯರ ಗುಂಪೊಂದು ಕಾರಿನಲ್ಲಿ ಹೋಗುತ್ತ ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರು ಎಂಬ ಸಂದೇಶ ವಾಟ್ಸ್ಆ್ಯಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುರ್ಕಿಯನ್ನು ಮುಟ್ಟಿತು. ಅಲ್ಲಿ ದಾರಿ ಅಡ್ಡಗಟ್ಟಿ ಜನ ಬಡಿದರು. ಒಬ್ಬ ಯುವಕ ಸತ್ತ, ಉಳಿದವರು ಗಾಯಗೊಂಡರು. ಆ ಸುದ್ದಿ ಓದಿ ಎಷ್ಟು ದಿನ ನಮಗೆ ಅನ್ನ ಸೇರಿರಲಿಲ್ಲ. ಅಲ್ಲಿ ಹೋದದ್ದು ಒಂದು ಪ್ರಾಣ. ನಮ್ಮಿಂದ ಆದದ್ದು ಒಂದು ಬಾಡಿಗೆ ತಪ್ಪಿದ್ದು, ಒಬ್ಬ ಹುಡುಗನ ಮಾನ ಹೋದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ನಮ್ಮ ಕೈಗೂ ಒಂದು ಗುಂಡಿ ಸಿಕ್ಕಿತ್ತು, ಸಂದೇಶ ಬಂದಿತ್ತು, ಒತ್ತಿದೆವು. ಎದುರಿಗಿದ್ದವನು ಬಡವ ಎಂಬುದಷ್ಟೇ ನಮ್ಮ ಕಡೆಯ ಪುರಾವೆಯಾಗಿತ್ತು.

ಹುಡುಗ ಸಿಕ್ಕಿದ್ದು ನಾಲ್ಕನೆಯ ದಿನ. ಹುನಗುಂದದಲ್ಲಿ ಯಾರದೋ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಕ್ಷಮೆ ಕೇಳುವುದು ಸುಲಭ ಎಂದುಕೊಂಡು ಹೋಗಿದ್ದೆವು. ದೊಡ್ಡವರಾಗಿ ಸಣ್ಣ ಹುಡುಗನ ಮುಂದೆ ನಿಂತು ತಪ್ಪಾಯಿತು ಎನ್ನುವಾಗ ನಾಲಿಗೆ ಎಷ್ಟು ದಪ್ಪವಾಗುತ್ತದೆಂದು ಅಲ್ಲಿ ಗೊತ್ತಾಯಿತು. ಹೋತದ ಕಥೆ, ತಗಡಿನ ಕಥೆ, ಕಿತ್ತಳೆ ತಂತಿಯ ಕಥೆ ಎಲ್ಲ ಹೇಳಿದೆವು. ಅವನು ತಂತಿಯ ಬಗ್ಗೆ ಎರಡು ಪ್ರಶ್ನೆ ಕೇಳಿದ. ನಮ್ಮ ಕ್ಷಮೆಯ ಬಗ್ಗೆ ಏನೂ ಹೇಳಲಿಲ್ಲ. ತಪ್ಪಿದ ಬಾಡಿಗೆಯ ಅವನ ಪಾಲನ್ನು ಕೊಟ್ಟಾಗ ಎಣಿಸಿ, ಹೆಚ್ಚು ಕೊಟ್ಟಿದ್ದ ಇನ್ನೂರು ರೂಪಾಯಿ ತಿರುಗಿ ಕೊಟ್ಟ.

“ಬರತೀನ್ರಿ. ಖರೆ ಎರಡು ಮಾತು. ಆ ಗುಂಡಿ ತಗೀಬೇಕು. ಮತ್ತ ಆ ಆಪ್ ನನ್ನ ಮೊಬೈಲಿಗೂ ಹಾಕಬೇಕು. ನನ್ನ ಮ್ಯಾಲಿನ ವರದಿ ನಾನೂ ನೋಡಬೇಕಲ್ರಿ.”

ಗುಂಡಿ ತೆಗೆಸಿದೆವು. ಓಡುವ ಗಾಡಿಯಲ್ಲಿ ಪೆಟ್ರೋಲ್ ನಿಂತರೆ ಏನಾಗಬಹುದೆಂದು ವೈರಿಂಗ್‌ನವರು ವಿವರಿಸಿದ ಮೇಲೆ ಅದನ್ನು ಹಾಕಿಸಿಕೊಂಡದ್ದೇ ಹುಚ್ಚುತನ ಎನಿಸಿತು. ಆ ರಾತ್ರಿ ಗಾಡಿ ನಿಜಕ್ಕೂ ಹೆದ್ದಾರಿಯಲ್ಲಿ ಓಡುತ್ತಿದ್ದಿದ್ದರೆ, ಹಿಂದೆ ಗ್ರಾನೈಟ್ ಹೊತ್ತ ಲಾರಿ ಬರುತ್ತಿದ್ದರೆ? ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನ ಕೆಳಗೆ, ಆಂಟೆನಾ ಇರುವ ಮುಖ ಆಕಾಶಕ್ಕೆ ಮಾಡಿ ಕೂರಿಸಿದರು. ಮೊದಲು ಅದು ಕಬ್ಬಿಣದ ಪಟ್ಟಿಯ ಹಿಂದೆ ತಲೆಕೆಳಗಾಗಿತ್ತು. ಕಿತ್ತಳೆ ತಂತಿಯನ್ನು ಸರಿಯಾದ ಫ್ಯೂಸಿಗೆ, ಅರ್ಥನ್ನು ಬಣ್ಣ ಕೆರೆದ ಬೋಲ್ಟಿಗೆ ಕೊಟ್ಟು ಜಾಯಿಂಟಿಗೆ ಬೆಸುಗೆ ಹಾಕಿದರು. ಬ್ಯಾಟರಿ ಅಳೆದರೆ ನಿಂತಾಗ ಹನ್ನೆರಡು ವೋಲ್ಟಿಗಿಂತ ಕೆಳಗಿತ್ತು. ಚೆನ್ನಾಗಿರುವ ಬ್ಯಾಟರಿ 12.6ರ ಹತ್ತಿರ ಇರಬೇಕು, ಇಂಜಿನ್ ಓಡುವಾಗ ಹದಿನಾಲ್ಕರ ಆಸುಪಾಸು ಬರಬೇಕು. ಅದನ್ನೂ ಬದಲಿಸಿದೆವು. ಗಡಿಯನ್ನು ನೂರರಿಂದ ಐನೂರು ಮೀಟರಿಗೆ ಹಿಗ್ಗಿಸಿದೆವು. ಟವರಿನಿಂದ ಊಹಿಸಿದ ಜಾಗಕ್ಕೆ ಸಂದೇಶ ಕಳಿಸಬೇಡ ಎಂಬ ಆಯ್ಕೆ ಆಪ್‌ನಲ್ಲೇ ಇತ್ತು, ನಾವು ನೋಡಿರಲಿಲ್ಲ. ಅಲುಗಾಟದ ಸೂಕ್ಷ್ಮತೆಯನ್ನು ಇಳಿಸಿದೆವು, ಪೂರ್ತಿ ತೆಗೆಯಲಿಲ್ಲ. ಸುಳ್ಳು ಕೂಗಿಗೆ ಬೇಸತ್ತು ಎಲ್ಲ ಸಂದೇಶ ಬಂದ್ ಮಾಡಿದರೆ ನಿಜವಾದ ಕಳ್ಳ ಬಂದ ದಿನವೂ ನಾವು ಮಲಗಿಯೇ ಇರುತ್ತೇವೆ. ಇಂಥ ಯಂತ್ರ ಇಟ್ಟುಕೊಂಡವರು ಒಂದು ವಾರ ಹಾಳೆಯ ಮೇಲೆ ಬರೆದು ನೋಡಿ: ಸಂದೇಶ ಬಂದ ಹೊತ್ತು, ಆಗ ಗಾಡಿ ಎಲ್ಲಿತ್ತು, ಮೀಟರ್ ಎಷ್ಟಿತ್ತು, ಸುತ್ತ ಏನು ನಡೆಯುತ್ತಿತ್ತು. ರೋಗ ತಾನಾಗಿ ಕಾಣಿಸುತ್ತದೆ. ನಮ್ಮ ಮಟ್ಟಿಗೆ ಆ ಹಾಳೆಯನ್ನು ಬೇರೊಬ್ಬ ಆಗಲೇ ಬರೆದಿಟ್ಟಿದ್ದ.

ಹೋತ ಅಮೀನಗಡಕ್ಕೆ ಹೋಗಲಿಲ್ಲ. ತಾಯಿ ಹೇಳಿದ ಬೆಲೆಗೆ ಚೌಕಾಸಿ ಮಾಡದೆ ನಾವೇ ತಂದೆವು. ಮಾಂಸದ ಒಂದು ಪಾಲು ಅವರಿಗೆ ಕೊಡುವಂತಿರಲಿಲ್ಲ, ಅವರು ತಿನ್ನುವವರಲ್ಲ. ಅಮ್ಮಿ ಶೀರ್‌ಕುರ್ಮಾ ಮಾಡಿ ಡಬ್ಬಿಯಲ್ಲಿ ಕಳಿಸಿದರು. ಡಬ್ಬಿ ಖಾಲಿ ಬರಲಿಲ್ಲ. ಶೇಂಗಾ ಹೋಳಿಗೆ ತುಂಬಿಕೊಂಡು ಬಂತು. ಆದರೂ ಹುಡುಗ ಮೊದಲಿನ ಹಾಗೆ ಮನೆಯೊಳಗೆ ಬಂದು ಕೂಡುವುದಿಲ್ಲ. ಹೊಸ್ತಿಲ ಹತ್ತಿರ ನಿಂತು ಲೆಕ್ಕ ಒಪ್ಪಿಸಿ ಹೋಗುತ್ತಾನೆ. ಕೂಡು ಎಂದರೆ, ಬಾಡಿಗೆ ಐತ್ರಿ ಎನ್ನುತ್ತಾನೆ.

ಆ ವರ್ಷದ ಆಗಸ್ಟಿನಲ್ಲಿ ಒಂದು ರಾತ್ರಿ ಎರಡರ ಸುಮಾರಿಗೆ ಮೊಬೈಲ್ ಮತ್ತೆ ಕೂಗಿತು. ಅಲುಗಾಟ. ಮೂವರೂ ನಡುಮನೆಗೆ ಬಂದೆವು. ನಕ್ಷೆಯ ಮೇಲೆ ಕಾರು ಇದ್ದಲ್ಲೇ ಇತ್ತು. ಯಾರೂ ಫೋನ್ ಮಾಡಲಿಲ್ಲ. ಎರಡು ನಿಮಿಷ ಕಳೆದಿರಬೇಕು, ಅವನಿಂದಲೇ ಸಂದೇಶ ಬಂತು: “ಗಾಳಿ ಬಿಟ್ಟೈತ್ರಿ ಅಣ್ಣಾರ, ತಗಡು ಗಾಡಿ ಮ್ಯಾಲ ಬಡೀಲಿಕ್ಕತ್ತೈತಿ. ಕಲ್ಲು ಇಟ್ಟು ಬಂದೀನಿ. ಮೀಟರ್ ಬರಕೊಳ್ರಿ.” ಕೆಳಗೆ ಸಂಖ್ಯೆ, ಅದರ ಕೆಳಗೆ ಟಾರ್ಚ್ ಬೆಳಕಿನಲ್ಲಿ ತೆಗೆದ ಮೀಟರಿನ ಫೋಟೋ. ಫೋಟೋ ಬೇಕಾಗಿರಲಿಲ್ಲ. ಬೇಕಾಗಿಲ್ಲ ಎಂದು ಅವನಿಗೆ ಹೇಗೆ ಬರೆಯುವುದೆಂದು ತಿಳಿಯದೆ ಬಹಳ ಹೊತ್ತು ಮೊಬೈಲ್ ಹಿಡಿದು ಕುಳಿತಿದ್ದೆವು. ಕೊನೆಗೆ ಪೆನ್ನು ಹುಡುಕಿ ನಮ್ಮ ಪುಸ್ತಕದಲ್ಲಿ ಸಂಖ್ಯೆ ಬರೆದುಕೊಂಡೆವು.